ಕಾಣೆಯಾದ ಲಿಬ್‌ಜಿಡಾಲ್: ಡೆಬಿಯನ್ 12ರಲ್ಲಿ ಕ್ಯೂಜಿಐಎಸ್ ದುರಸ್ತಿಯ ದಾಖಲೆ

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು 11ರಿಂದ 12ಕ್ಕೆ ಏರಿಸಿದ ಒಂದು ಯಂತ್ರದಲ್ಲಿ, ಮೂಲ ಕೋಡ್‌ನಿಂದ ನಾವೇ ಕಟ್ಟಿಕೊಂಡಿದ್ದ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್ 3.28 ಇದ್ದಕ್ಕಿದ್ದಂತೆ ತೆರೆಯದಾಯಿತು. ಮೆನುವಿನಿಂದ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಟರ್ಮಿನಲ್‌ನಿಂದ ಚಾಲೂ ಮಾಡಿದಾಗ ಬಂದದ್ದು ಒಂದೇ ಸಾಲು: ಹಂಚಿಕೆಯ ಲೈಬ್ರರಿಗಳನ್ನು ಲೋಡ್ ಮಾಡುವಲ್ಲಿ ದೋಷ, ‘ಲಿಬ್‌ಜಿಡಾಲ್.ಎಸ್‌ಒ.28’ ಕಡತವನ್ನು ತೆರೆಯಲು ಆಗಲಿಲ್ಲ, ಅಂತಹ ಕಡತವಾಗಲಿ ಡೈರೆಕ್ಟರಿಯಾಗಲಿ ಇಲ್ಲ. ನಕ್ಷೆಯ ಕಡತ ಸ್ವರೂಪಗಳನ್ನು ಓದುವ ಜಿಡಾಲ್ ಎಂಬ ಲೈಬ್ರರಿಯ ಕಡತವಿದು. ವಿಶೇಷವೆಂದರೆ ಆಪರೇಟಿಂಗ್ ಸಿಸ್ಟಮ್ ಏರಿಸಿದ ಕೂಡಲೇ ಹೀಗಾಗಿರಲಿಲ್ಲ. ಏರಿಸಿದ ಮೇಲೂ ತಂತ್ರಾಂಶ ತೆರೆಯುತ್ತಿತ್ತು. ಆಪ್ಟ್ (apt) ಎಂಬ ಪ್ಯಾಕೇಜ್ ನಿರ್ವಹಣಾ ಸಾಧನದ, ಬಳಕೆಯಲ್ಲಿಲ್ಲದ ಪ್ಯಾಕೇಜ್‌ಗಳನ್ನು ತೆಗೆದುಹಾಕುವ ಆಟೋರಿಮೂವ್ ಕಮಾಂಡ್ ಓಡಿಸಿದ ನಂತರವೇ ಅದು ಕೈಕೊಟ್ಟಿತು.

ಸಿದ್ಧ ಪ್ಯಾಕೇಜ್ ಇರುವಾಗ ಮೂಲ ಕೋಡ್‌ನಿಂದ ಕಟ್ಟುವ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ನಮ್ಮದೇ ಒಂದು ಪ್ಲಗಿನ್ 3.28ರ ಹೆಡರ್‌ಗಳನ್ನೇ (ಕಟ್ಟುವಾಗ ಬೇಕಾಗುವ ಘೋಷಣೆಗಳ ಕಡತಗಳನ್ನೇ) ಆಧರಿಸಿದೆ; ಡೆಬಿಯನ್ 11ರ ಭಂಡಾರದಲ್ಲಿ ಇದ್ದದ್ದು ಕ್ಯೂಜಿಐಎಸ್ 3.10, ಡೆಬಿಯನ್ 12ರಲ್ಲಿ ಇರುವುದು 3.22. ಹೀಗಾಗಿ /ಆಪ್ಟ್ (/opt) ಡೈರೆಕ್ಟರಿಯಲ್ಲಿ ಪ್ರತ್ಯೇಕವಾಗಿ ಕಟ್ಟಿಕೊಳ್ಳಬೇಕಾಗಿತ್ತು. ಇಂತಹ ಕಾರಣವೇನೂ ಇಲ್ಲದವರು ಡೆಬಿಯನ್ನಿನ ಪ್ಯಾಕೇಜನ್ನೋ ಕ್ಯೂಜಿಐಎಸ್ ಯೋಜನೆಯೇ ನಡೆಸುವ ಭಂಡಾರವನ್ನೋ ಬಳಸುವುದು ಲೇಸು. ಈ ದಾಖಲೆಯ ಅರ್ಧ ಕೆಲಸ ಅವರಿಗೆ ಬೇಕಾಗುವುದಿಲ್ಲ.

ಕೇಳುತ್ತಿರುವವರು ಯಾರು, ಕೇಳುತ್ತಿರುವುದು ಯಾವುದನ್ನು

ಇಂತಹ ಸಂದೇಶ ಕಂಡಾಗ ಮೊದಲು ಕೈ ಹೋಗುವುದು ಆಪ್ಟ್ ಇನ್‌ಸ್ಟಾಲ್ ಕಡೆಗೆ. ನನ್ನ ಅಭಿಪ್ರಾಯದಲ್ಲಿ ಏನನ್ನೂ ಸ್ಥಾಪಿಸುವ ಮೊದಲು ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಲೈಬ್ರರಿಯನ್ನು ಕೇಳುತ್ತಿರುವ ಬೈನರಿ (ಕಂಪೈಲ್ ಆದ ಪ್ರೋಗ್ರಾಮ್ ಕಡತ) ಯಾವುದು, ಅದು ಕೇಳುತ್ತಿರುವ ನಿಖರವಾದ ಹೆಸರು ಯಾವುದು, ಆ ಹೆಸರನ್ನು ಲೋಡರ್ (ಪ್ರೋಗ್ರಾಮ್ ಚಾಲೂ ಆಗುವಾಗ ಲೈಬ್ರರಿಗಳನ್ನು ತಂದು ಜೋಡಿಸುವ ಭಾಗ) ಎಲ್ಲೆಲ್ಲಿ ಹುಡುಕುತ್ತದೆ. ಏಕೆಂದರೆ ನಕ್ಷೆಯ ತಂತ್ರಾಂಶಗಳಲ್ಲಿ ‘ಇಲ್ಲ’ ಎಂದು ಹೇಳಲಾದ ಲೈಬ್ರರಿ ಬಹುಪಾಲು ಯಂತ್ರದಲ್ಲಿ ಇದ್ದೇ ಇರುತ್ತದೆ. ಇಲ್ಲದಿರುವುದು ಕೇಳಿದ ತಲೆಮಾರಿನ ಪ್ರತಿ ಮಾತ್ರ. ಈ ಯಂತ್ರದಲ್ಲೂ ಡೆಬಿಯನ್ನಿನ ಲಿಬ್‌ಜಿಡಾಲ್.ಎಸ್‌ಒ.32 ಸುಸ್ಥಿತಿಯಲ್ಲಿತ್ತು, ಜಿಡಾಲ್‌ನದೇ ಕಮಾಂಡ್ ಆದ ಜಿಡಾಲ್‌ಇನ್‌ಫೋ ಎಂದಿನಂತೆ ಕೆಲಸ ಮಾಡುತ್ತಿತ್ತು.

ಎಸ್‌ಒ ನಂತರದ ಸಂಖ್ಯೆಯನ್ನು ತಂತ್ರಾಂಶದ ಆವೃತ್ತಿಯೆಂದು ತಿಳಿಯಬಾರದು. ಅದು ಬೈನರಿ ಸಂಪರ್ಕದ ಗುರುತು. ಲೈಬ್ರರಿಯನ್ನು ಕಟ್ಟುವಾಗಲೇ ಅದರೊಳಗೆ ‘ಎಸ್‌ಒನೇಮ್’ ಎಂದು ಬರೆದಿಡುವ ಈ ಹೆಸರನ್ನು, ಅದನ್ನು ಬಳಸುವ ಪ್ರೋಗ್ರಾಮ್ ಲಿಂಕ್ ಆಗುವ ಹೊತ್ತಿನಲ್ಲಿ ಅಕ್ಷರಶಃ ನಕಲು ಮಾಡಿಕೊಳ್ಳುತ್ತದೆ. ಮುಂದೆ ಪ್ರತಿ ಬಾರಿ ಚಾಲೂ ಆಗುವಾಗಲೂ ಆ ಹೆಸರೇ ಬೇಕೆನ್ನುತ್ತದೆ. ಜಿಡಾಲ್ 3.2ರ ಗುರುತು 28, 3.4ರದ್ದು 30, 3.6ರದ್ದು 32. ನಿರ್ದೇಶಾಂಕ ಪರಿವರ್ತನೆಯ ಪ್ರಾಜ್ ಲೈಬ್ರರಿಯ 7.2ರ ಗುರುತು 19 ಆದರೆ 9.1ರದ್ದು 25. ಡೆಬಿಯನ್ 11ರಲ್ಲಿ ಇದ್ದದ್ದು ಜಿಡಾಲ್ 3.2 ಮತ್ತು ಪ್ರಾಜ್ 7.2, ಡೆಬಿಯನ್ 12ರಲ್ಲಿ ಇರುವುದು ಜಿಡಾಲ್ 3.6 ಮತ್ತು ಪ್ರಾಜ್ 9.1. ಹೀಗಾಗಿ 28 ಎಂಬ ಅಂಕೆಯನ್ನು ನೋಡಿದೊಡನೆಯೇ ಕೇಳುತ್ತಿರುವ ಬೈನರಿ ಯಾವ ಕಾಲದಲ್ಲಿ ಹುಟ್ಟಿದ್ದೆಂದು ಹೇಳಬಹುದು.

ಲೋಡರ್ ಮೊದಲು ಸಿಗದ ಲೈಬ್ರರಿಯ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸುತ್ತದೆ. ಅದರ ಹಿಂದೆ ಇನ್ನೆಷ್ಟು ಕಾಣೆಯಾಗಿವೆ ಎಂಬುದು ಆ ಒಂದು ಸಾಲಿನಿಂದ ತಿಳಿಯುವುದಿಲ್ಲ. ಪೂರ್ತಿ ಪಟ್ಟಿ ಬೇಕಿದ್ದರೆ ಎಲ್‌ಡಿಡಿ ಕಮಾಂಡ್ ಓಡಿಸಿ ಅದರ ಫಲಿತಾಂಶದಲ್ಲಿ ‘ನಾಟ್ ಫೌಂಡ್’ ಎಂಬ ಸಾಲುಗಳನ್ನು ಮಾತ್ರ ಗ್ರೆಪ್‌ನಿಂದ ಸೋಸಿಕೊಳ್ಳಬೇಕು. ಹಾಗೆ ಮಾಡಿದಾಗ ಜಿಡಾಲ್ 28, ಪ್ರಾಜ್ 19, ದತ್ತಾಂಶ ವಿನಿಮಯದ ಪ್ರೋಟೋಬಫ್ ಲೈಬ್ರರಿಯ 23ನೆಯ ಗುರುತಿನ ಕಡತ, ಜಿಎಸ್‌ಎಲ್ ಗಣಿತ ಲೈಬ್ರರಿಯ 25ನೆಯ ಗುರುತಿನ ಕಡತ ಇವೆಲ್ಲ ಒಟ್ಟಿಗೆ ಕಂಡವು. ಜ್ಯಾಮಿತಿಯ ಲೈಬ್ರರಿ ಜಿಯೋಸ್ ಮಾತ್ರ ಸಿಕ್ಕಿತ್ತು. ಅದಕ್ಕೆ ಕಾರಣವಿದೆ: ಜಿಯೋಸ್ ಯೋಜನೆ ತನ್ನ ಸಿ ಸಂಪರ್ಕವನ್ನು ಸ್ಥಿರವಾಗಿ ಇರಿಸಿಕೊಂಡು ಬಂದಿದೆ, ‘ಲಿಬ್‌ಜಿಯೋಸ್_ಸಿ.ಎಸ್‌ಒ.1’ ಎಂಬ ಹೆಸರು ವರ್ಷಗಳಿಂದ ಬದಲಾಗಿಲ್ಲ. ಅದೇ ಯೋಜನೆಯ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಹೆಸರಿನಲ್ಲಾದರೋ 3.11.1 ಎಂಬಂತೆ ಬಿಡುಗಡೆಯ ಪೂರ್ಣ ಸಂಖ್ಯೆಯೇ ಇರುತ್ತದೆ; ಅದನ್ನು ನೇರವಾಗಿ ನೆಚ್ಚಿದ ಪ್ರೋಗ್ರಾಮ್ ಪ್ರತಿ ಬಿಡುಗಡೆಗೂ ಮತ್ತೆ ಲಿಂಕ್ ಆಗಬೇಕಾಗುತ್ತದೆ.

ಎಲ್‌ಡಿಡಿ ಕೊಡುವುದು ಇಡೀ ಮರದ ಚಿತ್ರ. ಯಾವ ಕೊಂಬೆ ಯಾವುದಕ್ಕೆ ಸೇರಿದ್ದು ಎಂಬುದನ್ನು ಅದು ಹೇಳುವುದಿಲ್ಲ. ಒಂದು ಕಡತ ತಾನೇ ನೇರವಾಗಿ ಏನನ್ನು ಕೇಳುತ್ತದೆ ಎಂದು ತಿಳಿಯಲು ರೀಡ್‌ಎಲ್ಫ್‌ನ ‘ಡಿ’ ಆಯ್ಕೆಯಲ್ಲಿ ‘ನೀಡೆಡ್’ ಎಂದು ಬರುವ ಸಾಲುಗಳನ್ನು ನೋಡಬೇಕು. ಕ್ಯೂಜಿಐಎಸ್‌ನ ಮಟ್ಟಿಗೆ ಇನ್ನೂ ಒಂದು ಎಚ್ಚರ ಬೇಕು. ಡಬ್ಲ್ಯುಎಂಎಸ್, ಪೋಸ್ಟ್‌ಗ್ರೆಸ್ ಮುಂತಾದ ಡೇಟಾ ಪ್ರೊವೈಡರ್‌ಗಳು (ಬೇರೆ ಬೇರೆ ಮೂಲಗಳಿಂದ ದತ್ತಾಂಶ ತರುವ ಭಾಗಗಳು) ಹಾಗೂ ಪೈಥಾನ್ ಬೆಂಬಲದ ಲೈಬ್ರರಿ, ಚಾಲೂ ಆದ ಮೇಲೆ ತಂತ್ರಾಂಶವೇ ಲೋಡ್ ಮಾಡಿಕೊಳ್ಳುವಂಥವು. ಮುಖ್ಯ ಬೈನರಿಯ ಮೇಲೆ ಎಲ್‌ಡಿಡಿ ಓಡಿಸಿದರೆ ಇವು ಕಾಣಿಸುವುದೇ ಇಲ್ಲ. ಆದ್ದರಿಂದ ಫೈಂಡ್ ಕಮಾಂಡಿನಿಂದ ಸ್ಥಾಪನೆಯ ಡೈರೆಕ್ಟರಿಯಲ್ಲಿರುವ ಪ್ರತಿಯೊಂದು ಎಸ್‌ಒ ಕಡತವನ್ನೂ ಹೆಕ್ಕಿ ಎಲ್‌ಡಿಡಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದಾಗ ಲಿಬ್‌ಪೈಥಾನ್ 3.9 ಕೂಡ ಇಲ್ಲವೆಂದು ಗೊತ್ತಾಯಿತು. ಡೆಬಿಯನ್ 12 ಪೈಥಾನ್ 3.11ಕ್ಕೆ ದಾಟಿಬಿಟ್ಟಿದೆ. ಇದನ್ನು ಗಮನಿಸದೆ ಮೊದಲ ನಾಲ್ಕನ್ನು ಮಾತ್ರ ಹೊಂದಿಸಿದ್ದರೆ ತಂತ್ರಾಂಶ ತೆರೆದುಕೊಳ್ಳುತ್ತಿತ್ತು, ಆದರೆ ಪೈಥಾನ್ ಬೆಂಬಲವಿಲ್ಲವೆಂಬ ಸೂಚನೆಯೊಂದಿಗೆ ಅರ್ಧ ಮೆನು ಮಾಯವಾಗಿರುತ್ತಿತ್ತು.

ಒಗ್ಗದ ಎರಡು ಸುಲಭ ದಾರಿಗಳು

ಮೊದಲನೆಯದು ಸಿಂಬಾಲಿಕ್ ಲಿಂಕ್. 32ನೆಯ ಕಡತಕ್ಕೆ 28 ಎಂಬ ಹೆಸರಿನಲ್ಲಿ ಲಿಂಕ್ ಹಾಕಿದರೆ ಲೋಡರ್‌ನ ಬಾಯಿ ಮುಚ್ಚುತ್ತದೆ ಎಂಬುದು ನಿಜ. ಜಿಡಾಲ್‌ನ ಸಿ ಸಂಪರ್ಕ ಬಹಳ ಮಟ್ಟಿಗೆ ಸ್ಥಿರವಾಗಿರುವುದರಿಂದ ತಂತ್ರಾಂಶ ತೆರೆದುಕೊಂಡರೂ ಆಶ್ಚರ್ಯವಿಲ್ಲ, ಮತ್ತು ಅಪಾಯವಿರುವುದು ಅಲ್ಲಿಯೇ. ಸಂಖ್ಯೆ ಬದಲಾಗಿದೆ ಎಂದರೆ ಹಳೆಯ ಬೈನರಿಗೆ ಇದು ಹೊಂದುತ್ತದೆಂಬ ಭರವಸೆಯನ್ನು ಬರೆದವರೇ ಹಿಂತೆಗೆದುಕೊಂಡಿದ್ದಾರೆ ಎಂದರ್ಥ. ವಿಶೇಷವಾಗಿ ಸಿ ಪ್ಲಸ್ ಪ್ಲಸ್ ಕ್ಲಾಸ್‌ಗಳನ್ನು ಬಳಸುವ ಕಡೆ, ಒಂದು ಕ್ಲಾಸ್‌ಗೆ ನಡುವೆ ಒಂದು ಹೊಸ ವರ್ಚುವಲ್ ಫಂಕ್ಷನ್ ಸೇರಿದ್ದರೂ ಹಳೆಯ ಬೈನರಿ ಕರೆಯುವ ವಿಳಾಸದಲ್ಲಿ ಬೇರೊಂದು ಫಂಕ್ಷನ್ ಕುಳಿತಿರುತ್ತದೆ. ಆಗ ಸಿಗುವುದು ಅರ್ಥವಾಗುವ ದೋಷಸಂದೇಶವಾಗಿರುವುದಿಲ್ಲ. ಯಾವುದೋ ಪದರ ತೆರೆದಾಗ ಆಗುವ ಕುಸಿತವಾಗಿರುತ್ತದೆ. ಪ್ರೋಟೋಬಫ್‌ನಂತಹ ಲೈಬ್ರರಿಗಳಲ್ಲಿ ‘ಅನ್‌ಡಿಫೈನ್ಡ್ ಸಿಂಬಲ್’ ಎಂದು ಲೋಡರ್ ಬೇಗನೆ ಕೈಚೆಲ್ಲುತ್ತದೆ. ನಿಜ ಹೇಳಬೇಕೆಂದರೆ ಹಾಗೆ ಬೇಗನೆ ಸೋಲುವುದೇ ಒಳ್ಳೆಯದು.

ಎರಡನೆಯದು ಡೆಬಿಯನ್ 11ರ ಭಂಡಾರದಿಂದ ಲಿಬ್‌ಜಿಡಾಲ್28 ಪ್ಯಾಕೇಜನ್ನು ಇಳಿಸಿಕೊಂಡು ಕೂರಿಸುವುದು. ಅದು ಒಂಟಿಯಾಗಿ ಬರುವುದಿಲ್ಲ. ಲಿಬ್‌ಪ್ರಾಜ್19, ಪಿಡಿಎಫ್ ಓದುವ ಹಳೆಯ ಪಾಪ್ಲರ್ ಎಂದು ಪರಿವಾರವೇ ಬೆನ್ನ ಹಿಂದೆ ಬರುತ್ತದೆ. ಅವೆಲ್ಲ ಬಂದವೆಂದೇ ಇಟ್ಟುಕೊಂಡರೂ, ಒಂದೇ ಪ್ರೋಗ್ರಾಮ್‌ನೊಳಗೆ ಒಂದು ಕೊಂಬೆಯಿಂದ ಪ್ರಾಜ್ 19, ಇನ್ನೊಂದು ಕೊಂಬೆಯಿಂದ ಪ್ರಾಜ್ 25 ಒಳಬರುವ ಸಾಧ್ಯತೆ ಇರುತ್ತದೆ. ಲಿನಕ್ಸ್‌ನ ಲೋಡರ್ ಸಾಮಾನ್ಯವಾಗಿ ಫಂಕ್ಷನ್ ಹೆಸರುಗಳನ್ನು ಒಂದೇ ಬಯಲಿನಲ್ಲಿ ಹುಡುಕುತ್ತದೆ. ಎರಡರಲ್ಲೂ ‘ಪ್ರಾಜ್_ಕ್ರಿಯೇಟ್’ ಎಂಬ ಫಂಕ್ಷನ್ ಇದ್ದರೆ ಮೊದಲು ಲೋಡ್ ಆದದ್ದೇ ಎರಡೂ ಕಡೆಯವರಿಗೆ ಸಿಗುತ್ತದೆ. 7.2ರ ಒಂದು ಫಂಕ್ಷನ್ ಸೃಷ್ಟಿಸಿದ ವಸ್ತುವನ್ನು 9.1ರ ಇನ್ನೊಂದು ಫಂಕ್ಷನ್ ಓದಲು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಯಾರೂ ಹೊಣೆಯಲ್ಲ.

ಈ ಗೋಜಲು ಯಾರ ಅಜಾಗರೂಕತೆಯಿಂದಲೂ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ನಿರ್ದೇಶಾಂಕ ಪರಿವರ್ತನೆಯ ಪ್ರಾಜ್‌ಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಜೆರಾಲ್ಡ್ ಇವೆಂಡೆನ್ ಅಡಿಪಾಯ ಹಾಕಿದ್ದು 1980ರ ದಶಕದಲ್ಲಿ. ಕಡತ ಸ್ವರೂಪಗಳನ್ನು ಓದುವ ಜಿಡಾಲ್ ಅನ್ನು ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದರು. ಜಿಯೋಸ್ ಎಂಬುದು ಜೆಟಿಎಸ್ ಎಂಬ ಜಾವಾ ಲೈಬ್ರರಿಯ ಸಿ ಪ್ಲಸ್ ಪ್ಲಸ್ ರೂಪ. ಇವುಗಳ ಮೇಲೆ ಕಿಟಕಿ, ಮೆನುಗಳನ್ನು ಕಟ್ಟಿದ ಕ್ಯೂಜಿಐಎಸ್ ಅನ್ನು ಗ್ಯಾರಿ ಶರ್ಮನ್ 2002ರಲ್ಲಿ ಶುರುಮಾಡಿದರು. ಪ್ರತಿಯೊಂದಕ್ಕೂ ತನ್ನದೇ ತಂಡ, ತನ್ನದೇ ಬಿಡುಗಡೆಯ ವೇಳಾಪಟ್ಟಿ. 2019ರಲ್ಲಿ ಪ್ರಾಜ್ 6 ತನ್ನ ದತ್ತಾಂಶವನ್ನೆಲ್ಲ ಒಂದು ಎಸ್‌ಕ್ಯೂಲೈಟ್ ಕಡತಕ್ಕೆ ಬದಲಾಯಿಸಿಕೊಂಡಾಗ ಅದೇ ವರ್ಷ ಬಂದ ಜಿಡಾಲ್ 3.0 ಅದನ್ನೇ ಕಡ್ಡಾಯ ಮಾಡಿತು, ಆಗ ಮೇಲಿನವರೆಲ್ಲ ಅವರ ಜೊತೆ ಹೆಜ್ಜೆ ಹಾಕಲೇಬೇಕಾಯಿತು. ವಿತರಣೆಯೊಂದರೊಳಗೆ ಈ ಹೆಜ್ಜೆಗಳನ್ನು ಹೊಂದಿಸುವವರು ಪ್ಯಾಕೇಜ್ ನಿರ್ವಾಹಕರು. ವಿತರಣೆಯ ಹೊರಗೆ ಕಟ್ಟಿದ ಬೈನರಿಗೆ ಆ ಕೆಲಸ ನಮ್ಮ ತಲೆಗೇ ಬರುತ್ತದೆ.

ಮರುನಿರ್ಮಾಣ

ಹೀಗಾಗಿ ಉಳಿದ ದಾರಿ, ಹೊಸ ಲೈಬ್ರರಿಗಳ ವಿರುದ್ಧ ಕ್ಯೂಜಿಐಎಸ್ 3.28 ಅನ್ನು ಮತ್ತೆ ಕಟ್ಟುವುದು. ಇದಕ್ಕೆ ಬೇಕಾದ ಅಭಿವೃದ್ಧಿ ಪ್ಯಾಕೇಜ್‌ಗಳನ್ನು ಒಂದೊಂದಾಗಿ ಊಹಿಸುವ ಬದಲು, ಆಪ್ಟ್‌ನ ಮೂಲಪಟ್ಟಿಯಲ್ಲಿ ಡೆಬ್-ಎಸ್‌ಆರ್‌ಸಿ ಸಾಲನ್ನು ಸೇರಿಸಿ, ಆಪ್ಟ್ ಬಿಲ್ಡ್-ಡೆಪ್ ಕ್ಯೂಜಿಐಎಸ್ ಎಂದು ಓಡಿಸಿದರೆ ಡೆಬಿಯನ್ ತನ್ನ 3.22ಕ್ಕೆ ಬಳಸುವ ಪಟ್ಟಿಯೆಲ್ಲ ಒಮ್ಮೆಲೇ ಬಂದು ಕೂರುತ್ತದೆ. 3.28ಕ್ಕೂ ಅದರಲ್ಲಿ ಬಹುಪಾಲು ಸಾಕಾಗುತ್ತದೆ. ಉಳಿದದ್ದನ್ನು, ನಿರ್ಮಾಣದ ತಯಾರಿ ಮಾಡುವ ಸಿಮೇಕ್ ತಾನೇ ಹೇಳುತ್ತದೆ: ಇಂಥ ಹೆಡರ್ ಸಿಗಲಿಲ್ಲ, ಇಂಥ ಲೈಬ್ರರಿ ಸಿಗಲಿಲ್ಲ ಎಂದು. ಇಲ್ಲಿ ಪ್ಯಾಕೇಜಿನ ಹೆಸರನ್ನು ನೆನಪಿನಿಂದ ಬರೆಯುವುದಕ್ಕಿಂತ ಆಪ್ಟ್-ಫೈಲ್ ಸರ್ಚ್‌ಗೆ ಕಡತದ ಹೆಸರನ್ನೇ ಕೊಡುವುದು ಉತ್ತಮ. ಪಾಸ್‌ವರ್ಡ್ ಕಾಪಿಡುವ ಕೀಚೈನ್‌ಗೆ ಸಂಬಂಧಿಸಿದ ಹೆಡರ್ ಯಾವ ಪ್ಯಾಕೇಜಿನಲ್ಲಿದೆ ಎಂಬುದು ವಿತರಣೆಯಿಂದ ವಿತರಣೆಗೆ ಬೇರೆಯಾಗುತ್ತದೆ, ಆದರೆ ಹೆಡರ್ ಕಡತದ ಹೆಸರು ಬದಲಾಗುವುದಿಲ್ಲ. ಫೆಡೋರಾ ಬಳಸುವವರಿಗೆ ಡಿಎನ್‌ಎಫ್ ಪ್ರೊವೈಡ್ಸ್ ಇದೇ ಕೆಲಸ ಮಾಡಿಕೊಡುತ್ತದೆ.

ಹಳೆಯ ಬಿಲ್ಡ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿಯೇ ಸಿಮೇಕ್ ಆರಂಭಿಸಬೇಕು. ಅದರೊಳಗಿನ ಸಿಮೇಕ್‌ಕ್ಯಾಶ್ ಕಡತ, ಹಿಂದೆ ಕಂಡ ಪೈಥಾನ್ 3.9ರ ದಾರಿಯನ್ನೂ ಲೈಬ್ರರಿಗಳ ದಾರಿಯನ್ನೂ ನೆನಪಿಟ್ಟುಕೊಂಡಿರುತ್ತದೆ, ಮತ್ತು ಒಮ್ಮೆ ನೆನಪಿಟ್ಟದ್ದನ್ನು ಮತ್ತೆ ಹುಡುಕುವುದಿಲ್ಲ.

ಸಿಮೇಕ್‌ನ ಹಂತ ದಾಟಿತು, ಆದರೆ ಅದರ ಫಲಿತಾಂಶದಲ್ಲಿ ಒಂದು ಸಾಲು ಸರಿಕಾಣಲಿಲ್ಲ. ಜಿಡಾಲ್ ಸಿಕ್ಕಿದೆ ಎಂದು ಅದು ತೋರಿಸಿದ್ದು /ಯುಎಸ್‌ಆರ್/ಲೋಕಲ್/ಲಿಬ್ ಒಳಗಿನ ಕಡತವನ್ನು, ಆವೃತ್ತಿ 3.4 ಎಂದು. ಡೆಬಿಯನ್ 12ರ ಯಾವ ಪ್ಯಾಕೇಜಿನಲ್ಲೂ 3.4 ಇಲ್ಲ. ಅದನ್ನು ಲೆಕ್ಕಿಸದೆ ಮುಂದುವರಿಸಿದರೆ ಏನಾಗುತ್ತದೆಂದು ನೋಡಲು, ಕಟ್ಟುವ ಸಾಧನವಾದ ನಿಂಜಾ ಓಡಿಸಿದಾಗ, ಕಂಪೈಲ್ ಎಲ್ಲ ಮುಗಿದು ಲಿಂಕ್ ಮಾಡುವ ಹೊತ್ತಿಗೆ ಲಿಂಕರ್ ಹೇಳಿತು: ಲಿಬ್‌ಪ್ರಾಜ್.ಎಸ್‌ಒ.19, /ಯುಎಸ್‌ಆರ್/ಲೋಕಲ್/ಲಿಬ್‌ನ ಲಿಬ್‌ಜಿಡಾಲ್.ಎಸ್‌ಒಗೆ ಬೇಕಾಗಿರುವುದು, ಸಿಗಲಿಲ್ಲ. ಆರ್‌ಪಾತ್ ಅಥವಾ ಆರ್‌ಪಾತ್-ಲಿಂಕ್ (ಲೈಬ್ರರಿ ಹುಡುಕುವ ದಾರಿಯನ್ನು ಹೇಳುವ ಆಯ್ಕೆಗಳು) ಬಳಸಿ ನೋಡಿ. ಈ ಸಲಹೆಯನ್ನು ಅಕ್ಷರಶಃ ಪಾಲಿಸಲು ಹೊರಟವರು ದಾರಿ ತಪ್ಪುತ್ತಾರೆ. ಸಾಲಿನಲ್ಲಿ ಓದಬೇಕಾದದ್ದು ನಡುವಿನ ಭಾಗ, ಅಂದರೆ ಪ್ರಾಜ್ 19 ಬೇಕೆನ್ನುತ್ತಿರುವುದು ಯಾರು ಎಂಬುದು. ಕೇಳುತ್ತಿದ್ದದ್ದು ಡೆಬಿಯನ್ 11ರ ಕಾಲದಲ್ಲಿ ಪರೀಕ್ಷೆಗೆಂದು ಕೈಯಿಂದ ಕಟ್ಟಿ ಅಲ್ಲೇ ಉಳಿದುಹೋಗಿದ್ದ ಜಿಡಾಲ್ 3.4.

ಅದು ಮೊದಲು ಸಿಕ್ಕಿದ್ದಕ್ಕೆ ಎರಡು ಕಾರಣಗಳಿವೆ. ಕ್ಯೂಜಿಐಎಸ್‌ನ ನಿರ್ಮಾಣ ವ್ಯವಸ್ಥೆ ಜಿಡಾಲ್‌ನ ವಿವರಗಳನ್ನು ಜಿಡಾಲ್-ಕಾನ್ಫಿಗ್ ಎಂಬ ಪುಟ್ಟ ಸ್ಕ್ರಿಪ್ಟನ್ನು ಕೇಳಿ ತಿಳಿಯುತ್ತದೆ, ಮತ್ತು ಪಾತ್ ಚರದಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಮುಂದೆ ಇರುತ್ತದೆ. ವಿಚ್ ಕಮಾಂಡಿಗೆ ‘ಎ’ ಆಯ್ಕೆ ಕೊಟ್ಟು ಕೇಳಿದಾಗ ಎರಡು ಜಿಡಾಲ್-ಕಾನ್ಫಿಗ್‌ಗಳು ಒಂದರ ಹಿಂದೆ ಒಂದು ಕಂಡವು. ಇನ್ನೊಂದು, ಡೆಬಿಯನ್ನಿನ ಲೋಡರ್ ಸಂರಚನೆಯಲ್ಲೂ /ಯುಎಸ್‌ಆರ್/ಲೋಕಲ್/ಲಿಬ್‌ಗೆ ಆದ್ಯತೆ ಇದೆ. ಕೈಯಿಂದ ಕಟ್ಟಿದ್ದು ವಿತರಣೆಯದ್ದನ್ನು ಮೀರಬೇಕೆಂಬ ಸದುದ್ದೇಶದ ಏರ್ಪಾಡಿದು, ಆದರೆ ಕಟ್ಟಿದವರು ಮರೆತುಹೋದ ಮೇಲೂ ಅದು ಮೀರುತ್ತಲೇ ಇರುತ್ತದೆ.

ಆ 3.4 ಸಿಮೇಕ್‌ನಿಂದ ಕಟ್ಟಿದ್ದಾಗಿದ್ದರೆ ಬಿಲ್ಡ್ ಡೈರೆಕ್ಟರಿಯಲ್ಲಿ ಸ್ಥಾಪಿತ ಕಡತಗಳ ಪಟ್ಟಿಯೊಂದು ಉಳಿದಿರುತ್ತಿತ್ತು, ಅದನ್ನು ಹಿಡಿದು ಅಳಿಸಬಹುದಿತ್ತು. ಜಿಡಾಲ್ ಸಿಮೇಕ್‌ಗೆ ಬಂದದ್ದು 3.5ರಿಂದ, ಹಳೆಯ ಕಾನ್ಫಿಗರ್ ಪದ್ಧತಿಯನ್ನು ಕೈಬಿಟ್ಟದ್ದು 3.6ರಲ್ಲಿ. ಆದ್ದರಿಂದ ಇಲ್ಲಿ ಫೈಂಡ್‌ನಿಂದ /ಯುಎಸ್‌ಆರ್/ಲೋಕಲ್ ಒಳಗಿನ ಜಿಡಾಲ್, ಓಜಿಆರ್ (ಜಿಡಾಲ್‌ನದೇ ಒಂದು ಭಾಗ), ಪ್ರಾಜ್ ಹೆಸರಿನ ಕಡತಗಳನ್ನೆಲ್ಲ ಪಟ್ಟಿ ಮಾಡಿ, ಅಳಿಸುವ ಬದಲು ಬೇರೊಂದು ಡೈರೆಕ್ಟರಿಗೆ ಸ್ಥಳಾಂತರಿಸಿ, ಎಲ್‌ಡಿಕಾನ್ಫಿಗ್ ಓಡಿಸಲಾಯಿತು. ಎಲ್‌ಡಿಕಾನ್ಫಿಗ್‌ನ ‘ಪಿ’ ಆಯ್ಕೆಯಲ್ಲಿ ಲಿಬ್‌ಜಿಡಾಲ್ ಎಂದು ಹುಡುಕಿದಾಗ 32 ಮಾತ್ರ ಉಳಿದಿತ್ತು. ಮತ್ತೆ ಬಿಲ್ಡ್ ಡೈರೆಕ್ಟರಿ ಅಳಿಸಿ, ಸಿಮೇಕ್, ನಿಂಜಾ. ಈ ಬಾರಿ ಲಿಂಕ್ ಹಂತ ತಕರಾರಿಲ್ಲದೆ ಮುಗಿಯಿತು.

ಸ್ಥಾಪನೆಯ ದಾರಿ /ಆಪ್ಟ್ ಆದ್ದರಿಂದ ಕ್ಯೂಜಿಐಎಸ್‌ನ ಸ್ವಂತ ಲೈಬ್ರರಿಗಳು ಎಲ್ಲಿವೆ ಎಂಬುದನ್ನೂ ಲೋಡರ್‌ಗೆ ತಿಳಿಸಬೇಕು. ಎಲ್‌ಡಿ_ಲೈಬ್ರರಿ_ಪಾತ್ ಎಂಬ ಪರಿಸರ ಚರವನ್ನು ಶೆಲ್‌ನ ಆರಂಭಿಕ ಕಡತದಲ್ಲಿ ಬರೆಯುವುದು ಹೆಚ್ಚಿನವರು ಹಿಡಿಯುವ ಮಾರ್ಗ. ನನಗೆ ಅದು ಒಪ್ಪಿಗೆಯಿಲ್ಲ. ಆ ಶೆಲ್‌ನಿಂದ ಹುಟ್ಟುವ ಪ್ರತಿಯೊಂದು ಪ್ರೋಗ್ರಾಮಿಗೂ ಅದು ಅನ್ವಯಿಸುತ್ತದೆ, ಸಂಬಂಧವೇ ಇಲ್ಲದವಕ್ಕೂ. ಬದಲಿಗೆ ಸಿಮೇಕ್‌ಗೆ ಇನ್‌ಸ್ಟಾಲ್ ಆರ್‌ಪಾತ್ ಕೊಟ್ಟು ಬೈನರಿಯೊಳಗೇ ದಾರಿ ಬರೆಸಿ, ಸ್ಥಾಪನೆಯ ನಂತರ ರೀಡ್‌ಎಲ್ಫ್‌ನಲ್ಲಿ ‘ರನ್‌ಪಾತ್’ ಸಾಲು ಇದೆಯೇ ಎಂದು ನೋಡಿಕೊಳ್ಳಬಹುದು. ಒಂದು ಮಿತಿಯಿದೆ: ರನ್‌ಪಾತ್ ಆ ಕಡತ ನೇರವಾಗಿ ಕೇಳುವ ಲೈಬ್ರರಿಗಳಿಗೆ ಮಾತ್ರ ಅನ್ವಯವಾಗುತ್ತದೆ, ಅವು ಕೇಳುವವಕ್ಕೆ ಆಗುವುದಿಲ್ಲ. ಹಾಗಾಗಿ ಕೇವಲ ಮುಖ್ಯ ಬೈನರಿಯಲ್ಲಿ ಇದ್ದರೆ ಸಾಲದು, ಪ್ರತಿ ಲೈಬ್ರರಿಯಲ್ಲೂ ಇರಬೇಕು.

ತೆರೆದ ಮೇಲೆ

ತಂತ್ರಾಂಶ ತೆರೆಯಿತು, ಪದರಗಳೂ ಕಂಡವು, ಆದರೆ ಯಾವ ಪದರಕ್ಕೂ ನಿರ್ದೇಶಾಂಕ ವ್ಯವಸ್ಥೆ ಗುರುತಾಗಲಿಲ್ಲ. ಟರ್ಮಿನಲ್‌ನಲ್ಲಿ ಉದ್ದನೆಯ ಸಂದೇಶ: ಪ್ರಾಜ್.ಡಿಬಿ ಕಡತದಲ್ಲಿ ದತ್ತಾಂಶ ವಿನ್ಯಾಸದ ಉಪಸಂಖ್ಯೆ ನಿರೀಕ್ಷೆಗಿಂತ ಕಡಿಮೆ ಇದೆ, ಇದು ಬೇರೊಂದು ಪ್ರಾಜ್ ಸ್ಥಾಪನೆಯಿಂದ ಬಂದದ್ದು. ಈ ಕ್ಷೇತ್ರದಲ್ಲಿ ನಾನು ಕಂಡ ದೋಷಸಂದೇಶಗಳಲ್ಲಿ ಇಷ್ಟು ಪ್ರಾಮಾಣಿಕವಾದವು ವಿರಳ. ಲೈಬ್ರರಿ ಸಿಕ್ಕಿದೆ, ದತ್ತಾಂಶವೂ ಸಿಕ್ಕಿದೆ, ಆದರೆ ಎರಡೂ ಬೇರೆ ಬೇರೆ ತಲೆಮಾರಿನವು ಎಂದು ಅದು ಬಿಡಿಸಿ ಹೇಳುತ್ತಿದೆ. ಪ್ರಾಜ್‌ಗೆ ದೀರ್ಘವೃತ್ತಾಭಗಳು, ಡೇಟಮ್‌ಗಳು, ಇಪಿಎಸ್‌ಜಿ ಸಂಕೇತಗಳು (ನಿರ್ದೇಶಾಂಕ ವ್ಯವಸ್ಥೆಗಳ ಗುರುತು ಸಂಖ್ಯೆಗಳು) ಎಲ್ಲವೂ ಬರುವುದು ಈ ಎಸ್‌ಕ್ಯೂಲೈಟ್ ಕಡತದಿಂದಲೇ. ಎಲ್‌ಡಿಡಿ ಇದನ್ನು ನೋಡುವುದಿಲ್ಲ, ಏಕೆಂದರೆ ಇದು ಲೈಬ್ರರಿಯೇ ಅಲ್ಲ.

ಪರಿಸರ ಚರಗಳ ಪಟ್ಟಿಯಲ್ಲಿ ಪ್ರಾಜ್, ಜಿಡಾಲ್ ಎಂದು ಹುಡುಕಿದಾಗ ಪ್ರಾಜ್_ಲಿಬ್ ಎಂಬ ಚರ ಸಿಕ್ಕಿತು. ಅದು ತೋರಿಸುತ್ತಿದ್ದ ಡೈರೆಕ್ಟರಿಯಲ್ಲಿ ಹಳೆಯದೊಂದು ಪ್ರಾಜ್.ಡಿಬಿ ಕುಳಿತಿತ್ತು. ಪ್ರಾಜ್ 9.1ರಿಂದ ಈ ಚರದ ಹೆಸರು ಪ್ರಾಜ್_ಡೇಟಾ ಆಗಿದೆ, ಆದರೆ ಹಳೆಯ ಹೆಸರೂ ನಡೆಯುತ್ತದೆ. ಆದ್ದರಿಂದ ಎರಡನ್ನೂ ಹುಡುಕಬೇಕು, ಜೊತೆಗೆ ಜಿಡಾಲ್_ಡೇಟಾ ಮತ್ತು ಜಿಡಾಲ್_ಡ್ರೈವರ್_ಪಾತ್‌ಗಳನ್ನೂ. ಕ್ಯೂಜಿಐಎಸ್‌ನ ಆಯ್ಕೆಗಳ ಕಿಟಕಿಯಲ್ಲಿ ಸಿಸ್ಟಮ್ ಎಂಬ ಪುಟದಲ್ಲೂ ಪರಿಸರ ಚರಗಳನ್ನು ಬರೆಯಲು ಜಾಗವಿದೆ. ಶೆಲ್‌ನಲ್ಲಿ ಎಲ್ಲ ಅಳಿಸಿದರೂ ದೋಷ ಹೋಗದಿದ್ದರೆ ಅಲ್ಲಿ ನೋಡಬೇಕು. ವಿತರಣೆಯ ಪ್ರಾಜ್‌ಗೆ ತನ್ನ ದತ್ತಾಂಶ ಎಲ್ಲಿದೆ ಎಂದು ಗೊತ್ತಿರುವುದರಿಂದ ಈ ಚರಗಳನ್ನು ಹೊಸ ದಾರಿಗೆ ತಿದ್ದುವ ಅಗತ್ಯವಿಲ್ಲ, ತೆಗೆದುಹಾಕಿದರೆ ಸಾಕು. ಪ್ರಾಜ್‌ಇನ್‌ಫೋ ಕಮಾಂಡಿಗೆ ಸರ್ಚ್‌ಪಾತ್ಸ್ ಆಯ್ಕೆ ಕೊಟ್ಟರೆ ಅದು ಹುಡುಕುವ ಡೈರೆಕ್ಟರಿಗಳೆಲ್ಲ ಕ್ರಮವಾಗಿ ಕಾಣುತ್ತವೆ.

ಪೈಥಾನ್ ಕಡೆಯ ಕೆಲಸ ಬೇರೆ ರೀತಿಯದು. ಜಿಡಾಲ್‌ನ ಪೈಥಾನ್ ಬೈಂಡಿಂಗ್ ಅನ್ನು (ಪೈಥಾನ್‌ನಿಂದ ಜಿಡಾಲ್ ಬಳಸಲು ಬೇಕಾದ ಕೊಂಡಿಯನ್ನು) ಪೈಥಾನ್‌ನ ಪ್ಯಾಕೇಜ್ ಸಾಧನ ಪಿಪ್‌ನಿಂದ ಕಟ್ಟಿಸಿದರೆ ಅದರ ಆವೃತ್ತಿ ಜಿಡಾಲ್-ಕಾನ್ಫಿಗ್ ಹೇಳುವ ಆವೃತ್ತಿಗೆ ಸರಿಯಾಗಿ ಹೊಂದಬೇಕು. ಆವೃತ್ತಿ ಹೇಳದೆ ಪಿಪ್‌ಗೆ ಬಿಟ್ಟರೆ ಅದು ಇತ್ತೀಚಿನದನ್ನು ತಂದು, ಹಳೆಯ ಹೆಡರ್‌ಗಳ ಮೇಲೆ ಕಂಪೈಲ್ ಮಾಡಲು ಹೋಗಿ ಸೋಲುತ್ತದೆ. ಕಟ್ಟುವ ಹೊತ್ತಿಗೆ ಸಂಖ್ಯಾ ಅರೇಗಳ ಲೈಬ್ರರಿ ನಂಪೈ ಇರದಿದ್ದರೆ ಬೈಂಡಿಂಗ್ ಸದ್ದಿಲ್ಲದೆ ಕಟ್ಟಲ್ಪಡುತ್ತದೆ, ಆದರೆ ರಾಸ್ಟರನ್ನು (ಚೌಕಗಳ ಜಾಲದ ಚಿತ್ರವನ್ನು) ಅರೇ ಆಗಿ ಓದಲು ಹೋದಾಗ ‘_ಜಿಡಾಲ್_ಅರೇ’ ಸಿಗುತ್ತಿಲ್ಲ ಎಂಬ ದೋಷ ಬರುತ್ತದೆ. ಆಗ ನಂಪೈ ಹಾಕಿದರಷ್ಟೇ ಸಾಲದು. ಪಿಪ್ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡ ಅದೇ ಅಪೂರ್ಣ ವೀಲ್ (ಕಟ್ಟಿಟ್ಟ ಪೈಥಾನ್ ಪ್ಯಾಕೇಜ್) ಅನ್ನು ಮತ್ತೆ ಕೊಡುತ್ತದೆ. ಕ್ಯಾಶ್ ಬಳಸದಂತೆಯೂ ಪ್ರತ್ಯೇಕ ನಿರ್ಮಾಣ ಪರಿಸರವನ್ನು ಬಳಸದಂತೆಯೂ ಹೇಳಿ ಮತ್ತೆ ಕಟ್ಟಿಸಬೇಕು. ಈ ಯಂತ್ರದಲ್ಲಿ ಇಷ್ಟೆಲ್ಲ ಮಾಡದೆ ಡೆಬಿಯನ್ನಿನ ಪೈಥಾನ್3-ಜಿಡಾಲ್ ಪ್ಯಾಕೇಜನ್ನೇ ಬಳಸಲಾಯಿತು. ಡೆಬಿಯನ್ 12ರಲ್ಲಿ ಸಿಸ್ಟಮ್ ಪೈಥಾನ್‌ಗೆ ನೇರವಾಗಿ ಪಿಪ್ ಓಡಿಸಲು ಹೇಗೂ ಬಿಡುವುದಿಲ್ಲ. ಸಿಸ್ಟಮ್ ಪ್ಯಾಕೇಜ್‌ಗಳು ಕಾಣುವಂತೆ ಒಂದು ವರ್ಚುವಲ್ ಪರಿಸರ ಮಾಡಿಕೊಂಡರೆ ಉಳಿದವನ್ನು ಅದರಲ್ಲಿ ಹಾಕಬಹುದು.

ರಾಸ್ಟರ್ ಓದುವ ರಾಸ್ಟೀರಿಯೋದಂತಹ ಪೈಥಾನ್ ಪ್ಯಾಕೇಜ್‌ಗಳ ಸಿದ್ಧ ವೀಲ್‌ಗಳು ತಮ್ಮದೇ ಜಿಡಾಲ್, ತಮ್ಮದೇ ಪ್ರಾಜ್, ತಮ್ಮದೇ ಪ್ರಾಜ್.ಡಿಬಿಯನ್ನು ಹೊತ್ತು ತರುತ್ತವೆ. ಒಂಟಿಯಾಗಿ ಬಳಸುವವರಿಗೆ ಇದು ವರ. ಅವನ್ನು ಕ್ಯೂಜಿಐಎಸ್‌ನ ಒಳಗಿನ ಪೈಥಾನ್‌ನಲ್ಲಿ ತಂದರೆ ಒಂದೇ ಪ್ರೋಗ್ರಾಮ್‌ನಲ್ಲಿ ಎರಡು ಜಿಡಾಲ್‌ಗಳಾಗುತ್ತವೆ, ಮತ್ತು ಒಬ್ಬರಿಗಾಗಿ ಹಾಕಿದ ಪ್ರಾಜ್_ಲಿಬ್ ಇನ್ನೊಬ್ಬರನ್ನು ಕೆಡಿಸುತ್ತದೆ. ಅವನ್ನು ಬೇರೆ ಪರಿಸರದಲ್ಲಿಯೇ ಇಟ್ಟುಕೊಳ್ಳಬೇಕು.

ವಿಂಡೋಸ್‌ನಲ್ಲಿ ಇದೇ ಕಥೆಗೆ ಇನ್ನೊಂದು ತೊಡಕು ಸೇರುತ್ತದೆ. ‘_ಜಿಡಾಲ್’ ಇಂಪೋರ್ಟ್ ಮಾಡುವಾಗ ಡಿಎಲ್‌ಎಲ್ (ವಿಂಡೋಸ್‌ನ ಹಂಚಿಕೆಯ ಲೈಬ್ರರಿ) ಲೋಡ್ ವಿಫಲವಾಯಿತು, ಹೇಳಿದ ಮಾಡ್ಯೂಲ್ ಸಿಗಲಿಲ್ಲ ಎನ್ನುವ ಸಂದೇಶದಲ್ಲಿ ಹೆಸರಿಸಿದ ಕಡತ ಇದ್ದೇ ಇರುತ್ತದೆ. ಇಲ್ಲದಿರುವುದು ಅದು ನೆಚ್ಚಿದ ಬೇರೆ ಯಾವುದೋ ಡಿಎಲ್‌ಎಲ್, ಅದರ ಹೆಸರು ಸಂದೇಶದಲ್ಲಿ ಇರುವುದಿಲ್ಲ. ಪೈಥಾನ್ 3.8ರಿಂದ ಇಂತಹ ಹುಡುಕಾಟಕ್ಕೆ ಪಾತ್ ಚರ ಲೆಕ್ಕಕ್ಕೆ ಬರುವುದಿಲ್ಲ, ಡೈರೆಕ್ಟರಿಯನ್ನು ಓಎಸ್ ಮಾಡ್ಯೂಲಿನ ಆಡ್_ಡಿಎಲ್‌ಎಲ್_ಡೈರೆಕ್ಟರಿ ಮೂಲಕ ಸೇರಿಸಬೇಕು. ವಿಂಡೋಸ್‌ಗಾಗಿ ನಕ್ಷೆಯ ತಂತ್ರಾಂಶಗಳನ್ನು ಒಟ್ಟುಗೂಡಿಸಿದ ಓಎಸ್‌ಜಿಯೋ4ಡಬ್ಲ್ಯುದೊಂದಿಗೆ ಬರುವ ಶೆಲ್‌ನಿಂದಲೇ ಕೆಲಸ ಮಾಡುವುದು ಅಲ್ಲಿ ಅತ್ಯಂತ ಕಡಿಮೆ ತಲೆನೋವಿನ ದಾರಿ.

ಪರಿಶೀಲನೆ, ಮತ್ತು ಮತ್ತೆ ಕಾಣೆಯಾಗದಂತೆ ಮಾಡಿದ ಏರ್ಪಾಡು

ತೆರೆದುಕೊಂಡಿತು ಎಂಬುದಷ್ಟೇ ದುರಸ್ತಿಯ ಸಾಕ್ಷ್ಯವಾಗುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಒಂದು ಪರಿವರ್ತನೆಯನ್ನು ಮಾಡಿಸಿ ನೋಡಬೇಕು. ಇಪಿಎಸ್‌ಜಿ 4326ರಿಂದ (ಅಕ್ಷಾಂಶ-ರೇಖಾಂಶದ ವ್ಯವಸ್ಥೆ) 3857ಕ್ಕೆ (ವೆಬ್ ನಕ್ಷೆಗಳ ಮೀಟರ್ ವ್ಯವಸ್ಥೆ) ಜಿಡಾಲ್‌ಟ್ರಾನ್ಸ್‌ಫಾರ್ಮ್ ಓಡಿಸಿ ‘180 0’ ಎಂದು ಕೊಟ್ಟರೆ ಮೊದಲ ಅಂಕೆ 20037508.34 ಎಂದೇ ಬರಬೇಕು, ಎರಡನೆಯದು ಸೊನ್ನೆಯೋ ಸೊನ್ನೆಗೆ ತೀರ ಹತ್ತಿರದ ಸಂಖ್ಯೆಯೋ ಆಗಿರಬೇಕು. ಇದನ್ನೇ ಪ್ರಾಜ್‌ನ ಸಿಎಸ್2ಸಿಎಸ್‌ನಿಂದ ಮಾಡಿಸುವಾಗ ‘0 180’ ಎಂದು ಕೊಡಬೇಕು. ಪ್ರಾಜ್ 6ರಿಂದೀಚೆಗೆ ಇಪಿಎಸ್‌ಜಿ ಹೇಳಿದಂತೆ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಜಿಡಾಲ್‌ನ ಕಮಾಂಡುಗಳು ಮಾತ್ರ ಹಳೆಯ ರೂಢಿಯಂತೆ ರೇಖಾಂಶವನ್ನೇ ಮುಂದಿಟ್ಟುಕೊಂಡಿವೆ. ಎರಡರ ಕ್ರಮ ಅದಲುಬದಲಾಗಿ ಕಂಡರೆ ಅದನ್ನು ಲೈಬ್ರರಿಯ ದೋಷವೆಂದು ಬಗೆದು ಮತ್ತೆ ಎಲ್ಲವನ್ನೂ ಬಿಚ್ಚಲು ಹೋಗಬಾರದು.

ಸ್ಥಾಪನೆಯ ಪ್ರತಿಯೊಂದು ಎಸ್‌ಒ ಕಡತದ ಮೇಲೆ ಮತ್ತೊಮ್ಮೆ ಎಲ್‌ಡಿಡಿ ಓಡಿಸಿದಾಗ ಕಾಣೆಯಾದದ್ದು ಒಂದೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಲ್‌ಡಿ_ಡಿಬಗ್ ಚರಕ್ಕೆ ‘ಲಿಬ್ಸ್’ ಎಂಬ ಬೆಲೆ ಕೊಟ್ಟು ಚಾಲೂ ಮಾಡಿ, ಓಡುತ್ತಿರುವಾಗ ನಿಜವಾಗಿ ಲೋಡ್ ಆದ ಲಿಬ್‌ಜಿಡಾಲ್ ಮತ್ತು ಲಿಬ್‌ಪ್ರಾಜ್ ತಲಾ ಒಂದೇ ಇವೆ ಎಂದು ನೋಡಿಕೊಳ್ಳಲಾಯಿತು. ನಮ್ಮ ಸಿ ಪ್ಲಸ್ ಪ್ಲಸ್ ಪ್ಲಗಿನ್ ಕೂಡ ಮರುನಿರ್ಮಾಣದ ನಂತರ ತಕರಾರಿಲ್ಲದೆ ಲೋಡ್ ಆಯಿತು.

ಇನ್ನು ಮೂಲ ಕಾರಣದ ವಿಚಾರ. ಆಟೋರಿಮೂವ್ ಮಾಡಿದ್ದು ತಪ್ಪಲ್ಲ. ಆಪ್ಟ್‌ನ ಲೆಕ್ಕದ ಪುಸ್ತಕದಲ್ಲಿ ಲಿಬ್‌ಜಿಡಾಲ್28 ಅನ್ನು ಯಾರೂ ಬಳಸುತ್ತಿರಲಿಲ್ಲ, /ಆಪ್ಟ್ ಒಳಗೆ ನಾವು ಕಟ್ಟಿಟ್ಟದ್ದು ಆ ಪುಸ್ತಕದಲ್ಲಿ ನಮೂದಾಗಿರಲೇ ಇಲ್ಲ. ಇದಕ್ಕೆ ಈಕ್ವಿವ್ಸ್ ಎಂಬ ಸಣ್ಣ ಸಾಧನವಿದೆ. ಒಳಗೆ ಕಡತಗಳೇ ಇಲ್ಲದ, ಅವಲಂಬನೆಗಳ ಪಟ್ಟಿ ಮಾತ್ರ ಇರುವ ಒಂದು ಹೆಸರಿಗಷ್ಟೇ ಪ್ಯಾಕೇಜನ್ನು ಅದು ಮಾಡಿಕೊಡುತ್ತದೆ.

ಪಟ್ಟಿಯನ್ನು ತಯಾರಿಸಲು ಎಲ್‌ಡಿಡಿ ತೋರಿಸಿದ ಪ್ರತಿ ದಾರಿಯನ್ನು ಡೆಬಿಯನ್ನಿನ ಪ್ಯಾಕೇಜ್‌ಗಳ ದಾಖಲೆ ಇಡುವ ಡಿಪಿಕೆಜಿಯ ‘ಎಸ್’ ಆಯ್ಕೆಗೆ ಕೊಟ್ಟು ಅದು ಯಾವ ಪ್ಯಾಕೇಜಿಗೆ ಸೇರಿದ್ದೆಂದು ಕೇಳಬೇಕು. ಇಲ್ಲಿ ಒಂದು ಕಿರುಕುಳ ಎದುರಾಗುತ್ತದೆ. ಎಲ್‌ಡಿಡಿ /ಲಿಬ್‌ನಿಂದ ಶುರುವಾಗುವ ದಾರಿಗಳನ್ನು ತೋರಿಸುತ್ತದೆ, ಆದರೆ ಈ ಪ್ಯಾಕೇಜ್‌ಗಳು ತಮ್ಮ ಕಡತಗಳನ್ನು /ಯುಎಸ್‌ಆರ್/ಲಿಬ್‌ನಲ್ಲಿ ನಮೂದಿಸಿರುತ್ತವೆ. ಈಗಿನ ಡೆಬಿಯನ್ನಿನಲ್ಲಿ ಮೊದಲನೆಯದು ಎರಡನೆಯದಕ್ಕೆ ಲಿಂಕ್ ಅಷ್ಟೇ, ಆದರೆ ಡಿಪಿಕೆಜಿ ಅದನ್ನು ಬಿಡಿಸಿ ನೋಡುವುದಿಲ್ಲ, ಇಂತಹ ಕಡತವೇ ಇಲ್ಲವೆನ್ನುತ್ತದೆ. ಪ್ರತಿ ದಾರಿಯನ್ನೂ ಮೊದಲು ರಿಯಲ್‌ಪಾತ್ ಮೂಲಕ ಹಾಯಿಸಿದರೆ ಉತ್ತರ ಸಿಗುತ್ತದೆ. ಹಾಗೆ ಸಿಕ್ಕ ಹೆಸರುಗಳಿಂದ ಪುನರಾವರ್ತನೆಯನ್ನು ತೆಗೆದು, ಈಕ್ವಿವ್ಸ್‌ನ ಕಂಟ್ರೋಲ್ ಕಡತದಲ್ಲಿ ‘ಡಿಪೆಂಡ್ಸ್’ ಸಾಲಿಗೆ ಸೇರಿಸಿ, ಈಕ್ವಿವ್ಸ್-ಬಿಲ್ಡ್ ಓಡಿಸಿ, ಬಂದ ಡೆಬ್ ಕಡತವನ್ನು ಆಪ್ಟ್‌ನಿಂದ ಸ್ಥಾಪಿಸಲಾಯಿತು. ಪ್ಯಾಕೇಜಿಗೆ ಇಟ್ಟ ಹೆಸರಿನಲ್ಲಿ ‘ಲೋಕಲ್’ ಮತ್ತು ‘ಕ್ಯೂಜಿಐಎಸ್-328’ ಎರಡೂ ಇವೆ, ಮುಂದೆ ಯಾರು ನೋಡಿದರೂ ಇದು ಏನೆಂದು ತಿಳಿಯುವಂತೆ.

ಆಟೋರಿಮೂವ್ ಅನ್ನು ಸಿಮ್ಯುಲೇಟ್ ಆಯ್ಕೆಯೊಂದಿಗೆ ಓಡಿಸಿ ನೋಡಿದಾಗ ಆ ಪಟ್ಟಿಯ ಯಾವ ಲೈಬ್ರರಿಯೂ ತೆಗೆಯುವವುಗಳ ಸಾಲಿನಲ್ಲಿ ಇರಲಿಲ್ಲ. ಮುಂದಿನ ಬಾರಿ ಸಿಸ್ಟಮ್ ಏರಿಸುವಾಗ ಆಪ್ಟ್ ಲಿಬ್‌ಜಿಡಾಲ್32 ಅನ್ನು ಉಳಿಸಿಕೊಳ್ಳುತ್ತದೆ, ಇಲ್ಲವೇ ನಮ್ಮ ಹೆಸರಿಗಷ್ಟೇ ಪ್ಯಾಕೇಜನ್ನು ತೆಗೆಯಬೇಕಾಗುತ್ತದೆಂದು ಒಪ್ಪಿಗೆ ಕೇಳುವ ಮೊದಲೇ ಹೆಸರು ಹಿಡಿದು ತೋರಿಸುತ್ತದೆ. ಮರುನಿರ್ಮಾಣಕ್ಕೆ ಬೇಕಾದ ಸಿಮೇಕ್ ಆಯ್ಕೆಗಳನ್ನು ಒಂದು ಶೆಲ್ ಸ್ಕ್ರಿಪ್ಟ್ ಆಗಿ ಬರೆದು, ಅದನ್ನು ಪ್ಲಗಿನ್‌ನ ಮೂಲ ಕೋಡ್ ಇರುವ ಗಿಟ್ ಭಂಡಾರದಲ್ಲೇ ಇರಿಸಲಾಗಿದೆ.